ಕೈ ಬಿಡಬೇಕಾದ ಎತ್ತರ

ನಮ್ಮ ಸೇನೆಯ ಪ್ಯಾರಾಶೂಟಿನ ಚರಿತ್ರೆ ಬರೆಯುವವರಿಗೆ ಬೆಳಗಾವಿಯನ್ನು ಬಿಟ್ಟು ಮುಂದೆ ಹೋಗಲಾಗದು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ 1922ರಿಂದ ಈ ಊರಿನಲ್ಲಿದೆ. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಂಗೈಲ್ ಬಳಿ ಆಕಾಶದಿಂದ ಇಳಿದು ಪೂಂಗ್ಲಿ ಸೇತುವೆ ಹಿಡಿದ 2 ಪ್ಯಾರಾ ಬೆಟಾಲಿಯನ್ ಮೂಲದಲ್ಲಿ ಇದೇ ಮರಾಠಾ ಪಡೆಯದು.

ಆ ಸೈನಿಕರು ಧುಮುಕಿದ ಬಗೆಯಲ್ಲಿ ಒಂದು ಜಾಣತನವಿದೆ. ಪ್ಯಾರಾಶೂಟಿಗೆ ಕಟ್ಟಿದ ಪಟ್ಟಿಯ ಇನ್ನೊಂದು ತುದಿ ವಿಮಾನದೊಳಗಿನ ತಂತಿಗೆ ಸಿಕ್ಕಿಸಿರುತ್ತದೆ. ಸೈನಿಕ ಹೊರಬಿದ್ದೊಡನೆ ಪಟ್ಟಿ ಬಿಗಿದು ಪ್ಯಾರಾಶೂಟನ್ನು ತಾನೇ ಎಳೆದು ಬಿಚ್ಚುತ್ತದೆ. ಯಾವಾಗ ಬಿಚ್ಚಬೇಕು ಎಂಬ ನಿರ್ಧಾರ ಧುಮುಕುವವನದಲ್ಲ. ಆಗ್ರಾದ ಪ್ಯಾರಾಶೂಟ್ ತರಬೇತಿ ಶಾಲೆಯಲ್ಲಿ ಹೀಗೆ ಐದು ಸಲ ಧುಮುಕಿದವನಿಗೆ ರೆಕ್ಕೆಯ ಬ್ಯಾಡ್ಜು ಸಿಗುತ್ತದೆ. ಅಲ್ಲಿ ಕಲಿಸುವವರು ವಾಯುಪಡೆಯ ಜಂಪ್ ಇನ್‌ಸ್ಟ್ರಕ್ಟರುಗಳು.

ಸ್ಕೈಡೈವಿಂಗಿನಲ್ಲಿ ಆ ಪಟ್ಟಿ ಇಲ್ಲ. ಸುಮಾರು 4,000 ಮೀಟರ್ ಎತ್ತರದಲ್ಲಿ ಬಾಗಿಲು ದಾಟಿದರೆ ಪ್ಯಾರಾಶೂಟ್ ಬಿಚ್ಚುವವರೆಗೆ ಒಂದು ನಿಮಿಷದಷ್ಟು ಬರಿಯ ಬೀಳುವಿಕೆ. ಆ ಒಂದು ನಿಮಿಷದಲ್ಲಿ ಹೊಸಬನಿಗೆ ಪಾಠ ಹೇಳುವವನು ಏನೇನು ಕಲಿತಿರಬೇಕು ಎಂಬ ಲೆಕ್ಕ ನೋಡಿದರೆ ಪ್ಯಾರಾಶೂಟ್ ಎಂಬ ಯಂತ್ರವೇ ಬೇರೆಯಾಗಿ ಕಾಣತೊಡಗುತ್ತದೆ.

ಹೊಟ್ಟೆ ಕೆಳಗಾಗಿ ಕೈಕಾಲು ಚಾಚಿ ಬೀಳುವವನ ವೇಗ ಹತ್ತು ಹನ್ನೆರಡು ಸೆಕೆಂಡಿನವರೆಗೆ ಏರುತ್ತದೆ. ಆಮೇಲೆ ಗಾಳಿಯ ತಡೆ ಅವನ ತೂಕಕ್ಕೆ ಸರಿಸಮವಾಗಿ, ವೇಗ ಗಂಟೆಗೆ ಸುಮಾರು 200 ಕಿ.ಮೀ.ಗೆ ನಿಲ್ಲುತ್ತದೆ. ಎಂದರೆ ಸೆಕೆಂಡಿಗೆ 55 ಮೀಟರ್. ಎಲ್ಲರಿಗೂ ಒಂದೇ ವೇಗವಲ್ಲ. ದಪ್ಪ ಆಳು ಬೇಗ ಇಳಿಯುತ್ತಾನೆ, ಸಣಕಲು ಮೈಯವನು ಹಿಂದುಳಿಯುತ್ತಾನೆ. ಹೆದರಿ ಮೈ ಮುದುರಿಕೊಂಡರೆ ಗಾಳಿಗೆ ಒಡ್ಡಿದ ಮೈ ಕಡಿಮೆಯಾಗಿ ವೇಗ ಇನ್ನೂ ಏರುತ್ತದೆ. ವಿದ್ಯಾರ್ಥಿ ಹೇಗೇ ಬೀಳಲಿ, ಬೋಧಕ ಅವನ ಪಕ್ಕದಲ್ಲೇ ಇರಬೇಕು. ಸೊಂಟ ಮುಂದಕ್ಕೆ ಬಾಗಿಸಿ ವೇಗ ಹೆಚ್ಚಿಸಿಕೊಳ್ಳುತ್ತಾನೆ, ಬೆನ್ನು ಗೂನಾಗಿಸಿ ಕೈಕಾಲು ಅಗಲಿಸಿ ಕಡಿಮೆ ಮಾಡಿಕೊಳ್ಳುತ್ತಾನೆ. ಹಗುರ ಮೈಯ ಬೋಧಕರು ಸೀಸದ ತೂಕ ಕಟ್ಟಿಕೊಳ್ಳುವುದೂ ಉಂಟು. ಅಮೆರಿಕದ ಪ್ಯಾರಾಶೂಟ್ ಸಂಘ ಇಂಥ ಬೋಧಕನಾಗಲು ಬರುವವನಿಂದ ಕೇಳುವುದು ಆರು ಗಂಟೆಗಳ ಬೀಳುವಿಕೆ. ಕೇಳಲು ಅಲ್ಪವೆನಿಸುತ್ತದೆ. ಒಂದು ಧುಮುಕಿಗೆ ಒಂದೇ ನಿಮಿಷ ಎಂದರೆ ಅದು 360 ಧುಮುಕು.

ವಿದ್ಯಾರ್ಥಿಯನ್ನು ಎದೆಗೆ ಕಟ್ಟಿಕೊಂಡು ಇಳಿಯುವ ಟ್ಯಾಂಡೆಮ್‌ನ ಕಷ್ಟ ಬೇರೆ. ಇಬ್ಬರ ತೂಕ ಸೇರುತ್ತದೆ, ಆದರೆ ಗಾಳಿಗೆ ಒಡ್ಡಿದ ಮೈ ಹೆಚ್ಚುಕಡಿಮೆ ಒಬ್ಬರದೇ. ತೂಕ ಎರಡು ಪಟ್ಟಾದರೆ ವೇಗ ಸುಮಾರು 1.4 ಪಟ್ಟು, ಗಂಟೆಗೆ 280 ಕಿ.ಮೀ.! ಆ ವೇಗದಲ್ಲಿ ದೊಡ್ಡ ಪ್ಯಾರಾಶೂಟ್ ಬಿಚ್ಚಿದರೆ ಬೀಳುವ ಜಗ್ಗು ಮೈಗೂ ಬಟ್ಟೆಗೂ ಅತಿಯಾದೀತು. ಅದಕ್ಕೇ ಬೋಧಕ ಮೊದಲೇ ಡ್ರೋಗ್ ಎಂಬ ಪುಟ್ಟ ಪ್ಯಾರಾಶೂಟನ್ನು ಬೆನ್ನ ಹಿಂದೆ ಎಸೆಯುತ್ತಾನೆ. ಅದು ಇಬ್ಬರನ್ನೂ ಒಬ್ಬನ ವೇಗಕ್ಕೆ ಇಳಿಸುತ್ತದೆ. ಅಮೆರಿಕದ ವಿಮಾನಯಾನ ನಿಯಮದ ಪ್ರಕಾರ ಈ ಕೆಲಸಕ್ಕೆ ಮೂರು ವರ್ಷದ ಅನುಭವ, 500 ಧುಮುಕು ಬೇಕು.

ದೊಡ್ಡ ಪ್ಯಾರಾಶೂಟ್ ಈಗ ದುಂಡಗಿನ ಕೊಡೆಯಲ್ಲ, ಆಯತಾಕಾರದ ರೆಕ್ಕೆ. ನಮ್ಮ ಕಡೆಯ ಕೌದಿಯಂತೆ ಎರಡು ಪದರದ ಬಟ್ಟೆ, ನಡುವೆ ಸಾಲು ಸಾಲು ಹೊಲಿಗೆ. ಮುಂದಿನ ಅಂಚು ತೆರೆದಿರುವುದರಿಂದ ಗಾಳಿ ನುಗ್ಗಿ ಒಳಗಿನ ಗೂಡುಗಳು ಉಬ್ಬಿ, ಬಟ್ಟೆಯೇ ಗಟ್ಟಿ ರೆಕ್ಕೆಯಾಗುತ್ತದೆ. ಎಡಬಲದ ಹಿಡಿಗಳನ್ನು ಎಳೆದು ಅದನ್ನು ತಿರುಗಿಸಬಹುದು, ನೆಲದ ಹತ್ತಿರ ನಿಧಾನಿಸಬಹುದು. ಸಮುದ್ರಮಟ್ಟದಿಂದ 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಗಾಳಿ ಕರಾವಳಿಗಿಂತ ತೆಳು. ಹಾಗಾಗಿ ಅದೇ ರೆಕ್ಕೆ ಇಲ್ಲಿ ಕಾರವಾರದ ಕಡಲತೀರಕ್ಕಿಂತ ನೂರಕ್ಕೆ ಮೂರು ನಾಲ್ಕರಷ್ಟು ಹೆಚ್ಚು ವೇಗವಾಗಿ ನೆಲ ಮುಟ್ಟುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ತುಸು ಹೆಚ್ಚು.

ಬೋಧಕನ ಪರೀಕ್ಷೆಯ ಕಠಿಣ ಭಾಗ ಇರುವುದು ಆಕಾಶದಲ್ಲಿ. ಪರೀಕ್ಷಕನೇ ವಿದ್ಯಾರ್ಥಿಯ ವೇಷ ಹಾಕುತ್ತಾನೆ. ಬೇಕೆಂದೇ ಅಂಗಾತ ಬೀಳುತ್ತಾನೆ, ಬುಗುರಿ ತಿರುಗುತ್ತಾನೆ, ಕೈಸನ್ನೆ ಕಂಡರೂ ಹಿಡಿ ಎಳೆಯದೆ ಸುಮ್ಮನಿರುತ್ತಾನೆ. ಅಭ್ಯರ್ಥಿ ತೇಲಿ ಬಂದು ಅವನನ್ನು ಹಿಡಿಯಬೇಕು, ತಿರುಗಾಟ ನಿಲ್ಲಿಸಬೇಕು, ನಿಗದಿಯಾದ ಎತ್ತರದಲ್ಲಿ ಅವನ ಪ್ಯಾರಾಶೂಟನ್ನು ತಾನೇ ಬಿಚ್ಚಬೇಕು. ಕೈಗೆ ಸಿಗದೆ ಹೋದರೆ? 2,000 ಅಡಿ, ಅಂದರೆ ಸುಮಾರು 600 ಮೀಟರ್ ಬಂದಾಗ ಬೆನ್ನಟ್ಟುವುದನ್ನು ಬಿಟ್ಟು ತನ್ನ ಪ್ಯಾರಾಶೂಟ್ ಬಿಚ್ಚಿಕೊಳ್ಳಬೇಕು. ಈ ವಿದ್ಯೆಯಲ್ಲಿ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ ಎಂದೇ ನನಗನ್ನಿಸುತ್ತದೆ. ಕಣ್ಣೆದುರು ಬೀಳುತ್ತಿರುವವನನ್ನು ಬಿಟ್ಟುಬಿಡು ಎಂದು ಮನುಷ್ಯನಿಗೆ ಕಲಿಸುವುದು ಸುಲಭವಲ್ಲ. ಆದರೆ 600 ಮೀಟರ್ ಎಂದರೆ ನೆಲಕ್ಕೆ ಹನ್ನೊಂದೇ ಸೆಕೆಂಡು. ಆ ಗೆರೆ ದಾಟಿದ ಬೋಧಕನಿಂದ ಯಾರಿಗೂ ಉಪಕಾರವಿಲ್ಲ.

ಕೈ ಬಿಡಲು ಧೈರ್ಯ ಕೊಡುವುದು ವಿದ್ಯಾರ್ಥಿಯ ಬೆನ್ನಿನ ಚೀಲದಲ್ಲಿರುವ ಪುಟ್ಟ ಯಂತ್ರ, ಏಎಡಿ. ಜರ್ಮನಿಯ ಹೆಲ್ಮುಟ್ ಕ್ಲೋತ್ 1991ರಲ್ಲಿ ಮಾರುಕಟ್ಟೆಗೆ ತಂದ ಸೈಪ್ರೆಸ್ ಇವುಗಳಲ್ಲಿ ಹೆಸರಾದದ್ದು. ಗಾಳಿಯ ಒತ್ತಡ ಅಳೆದು ಅದು ಎತ್ತರ, ವೇಗ ಎರಡನ್ನೂ ಲೆಕ್ಕ ಹಾಕುತ್ತಿರುತ್ತದೆ. ಸುಮಾರು 225 ಮೀಟರ್‌ಗೆ ಬಂದರೂ ಮನುಷ್ಯ ಇನ್ನೂ ಬೀಳುವ ವೇಗದಲ್ಲೇ ಇದ್ದರೆ, ಸಣ್ಣ ಸಿಡಿತದಿಂದ ಬ್ಲೇಡನ್ನು ತಳ್ಳಿ ಮೀಸಲು ಪ್ಯಾರಾಶೂಟಿನ ಬಾಯಿ ಬಿಗಿದ ದಾರವನ್ನು ಕತ್ತರಿಸುತ್ತದೆ. ನೆಲಕ್ಕೆ ಆಗ ನಾಲ್ಕು ಸೆಕೆಂಡು ಉಳಿದಿರುತ್ತದೆ. ಮೀಸಲು ಪ್ಯಾರಾಶೂಟಿಗೆ ಬಿಚ್ಚಿಕೊಳ್ಳಲು ಕೊಟ್ಟ ಅವಧಿ ಮೂರು ಸೆಕೆಂಡು.

ಈ ಯಂತ್ರಕ್ಕೆ ನೆಲ ಕಾಣುವುದಿಲ್ಲ. ಸ್ವಿಚ್ ಒತ್ತಿದ ಜಾಗದ ಗಾಳಿಯೊತ್ತಡವೇ ಅದಕ್ಕೆ ಸೊನ್ನೆ. ಇಲ್ಲಿ ಬೆಳಗಾವಿಯ ಭೂಗೋಳ ನಡುವೆ ಬರುತ್ತದೆ. ಖಾನಾಪುರ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಬೆಳಗಾವಿಗಿಂತ ನೂರು ಮೀಟರ್ ತಗ್ಗಿನಲ್ಲಿ. ಗಾಳಿಯೊತ್ತಡದಲ್ಲಿ ವ್ಯತ್ಯಾಸ ಸುಮಾರು 11 ಮಿಲಿಬಾರ್. ಖಾನಾಪುರದ ಪಶ್ಚಿಮಕ್ಕೆ ಭೀಮಗಡದ ದಟ್ಟ ಕಾಡು, ಆಚೆ ಘಟ್ಟದ ಇಳಿಜಾರು. ಆ ಕಡೆ ಇಳಿಯುವ ಮಾತೇ ಇಲ್ಲ. ಆದ್ದರಿಂದ ಖಾನಾಪುರದ ಒಂದು ಬಯಲಿನಿಂದ ಹೆಲಿಕಾಪ್ಟರ್ ಎದ್ದು, ವಿದ್ಯಾರ್ಥಿಯನ್ನು ಬೆಳಗಾವಿಯ ಬಯಲಿಗೆ ಇಳಿಸಬೇಕಿದೆ ಎಂದು ಭಾವಿಸೋಣ. ಏಎಡಿಯ ಸೊನ್ನೆ ಖಾನಾಪುರದಲ್ಲೇ ಉಳಿದಿದ್ದರೆ ಅದು ಬ್ಲೇಡು ತಳ್ಳುವುದು ಖಾನಾಪುರದ ನೆಲಕ್ಕೆ 225 ಮೀಟರ್ ಮೇಲೆ, ಬೆಳಗಾವಿಯ ನೆಲಕ್ಕೆ ಬರೀ 125 ಮೀಟರ್ ಮೇಲೆ. ಉಳಿಯುವುದು 2.3 ಸೆಕೆಂಡು, ಬೇಕಾದದ್ದು ಮೂರು.

ಎದುರು ದಿಕ್ಕಿನಲ್ಲಿ, ಬೆಳಗಾವಿಯಿಂದ ಎದ್ದು ಖಾನಾಪುರಕ್ಕೆ ಇಳಿದರೆ, ಯಂತ್ರ ನೂರು ಮೀಟರ್ ಮೊದಲೇ ಕೆಲಸ ಮಾಡುತ್ತದೆ. ತಡವಾಗಿ ಹಿಡಿ ಎಳೆದ ವಿದ್ಯಾರ್ಥಿಯ ಪ್ಯಾರಾಶೂಟ್ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗ ಆ ಅಂತರವೂ ಕಡಿಮೆಯದಲ್ಲ.

ಹಾಗಾಗಿ ಹತ್ತುವ ನೆಲ, ಇಳಿಯುವ ನೆಲ ಬೇರೆಯಾದ ದಿನ ಬೋಧಕ ಆ ವ್ಯತ್ಯಾಸವನ್ನು ಗುಂಡಿಯೊತ್ತಿ ಏಎಡಿಗೆ ಹೇಳುತ್ತಾನೆ. ಕೈಗೆ ಕಟ್ಟಿದ ಆಲ್ಟಿಮೀಟರಿನ ಮುಳ್ಳನ್ನೂ ತಿರುಗಿಸುತ್ತಾನೆ. ಬೆಳಗಾವಿಗೆ ಇಳಿಯುವವನು ಖಾನಾಪುರದ ನೆಲದ ಮೇಲೆ ನಿಂತಿರುವಾಗಲೇ ಆ ಮುಳ್ಳು ಸೊನ್ನೆಗಿಂತ ನೂರು ಮೀಟರ್ ಕೆಳಗಿರಬೇಕು. ವಿದ್ಯಾರ್ಥಿಯ ಕೈಯದನ್ನೂ ಹಾಗೇ ಹೊಂದಿಸಿ, ಏಕೆಂದು ಅವನಿಗೆ ಬಿಡಿಸಿ ಹೇಳಿ, ಅವನ ಬಾಯಿಂದ ಒಮ್ಮೆ ಹೇಳಿಸಿದ ಮೇಲೆಯೇ ಹೆಲಿಕಾಪ್ಟರ್ ಹತ್ತಿಸಬೇಕು.