ಮನೆಯ ಕತ್ತರಿ, ಅಂಗಡಿಯ ಕುರ್ಚಿ

ತನ್ನ ಬೆನ್ನು ತನಗೆ ಕಾಣದೆಂದು ಹಿರಿಯರು ಹೇಳಿದ್ದಾರೆ. ತನ್ನ ಹಿಂದಲೆಯೂ ತನಗೆ ಕಾಣದೆಂಬುದನ್ನು ಅವರು ಬೇರೆಯಾಗಿ ಹೇಳಲಿಲ್ಲ. ಹಿಂದಲೆಯನ್ನು ನೋಡಿಕೊಳ್ಳಲು ಅವರ ಕಾಲದಲ್ಲಿ ಬೇರೊಬ್ಬನಿದ್ದ. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ಆ ಬೇರೊಬ್ಬನ ಅಂಗಡಿಗೂ ಬೀಗ ಬಿದ್ದಿತು. ಏಪ್ರಿಲ್ ಕಳೆಯುವ ಹೊತ್ತಿಗೆ ನನ್ನ ಕೂದಲು ಕಿವಿಯನ್ನು ಮುಚ್ಚಿ ಕೊರಳಿಗಿಳಿಯಿತು. ಕೊಡೇಕಲ್ಲಿನ ಬೇಸಿಗೆಯನ್ನು ಬಲ್ಲವರಿಗೆ ಆಗಿನ ನನ್ನ ಪಾಡನ್ನು ವಿವರಿಸಬೇಕಾಗಿಲ್ಲ. ಕೃಷ್ಣೆ ಸಮೀಪದಲ್ಲೇ ಹರಿದರೂ ಅವಳ ತಂಪು ಈ ಕಲ್ಲುನೆಲವನ್ನು ಮುಟ್ಟುವುದಿಲ್ಲ. ಒಂದು ದಿನ ಮಧ್ಯಾಹ್ನ, ಬೆವರಿಗೆ ರೋಸಿ, ಮನೆಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿಯನ್ನೆತ್ತಿಕೊಂಡು ಕನ್ನಡಿಯ ಮುಂದೆ ನಿಂತೆ.

ಕನ್ನಡಿಯನ್ನು ನಂಬಿ ಕತ್ತರಿಯಾಡಿಸುವುದು ಸುಲಭವಲ್ಲ. ಕೈಯನ್ನು ನನ್ನತ್ತ ತಂದೆನೆಂದುಕೊಂಡರೆ ಅದು ಆಚೆಗೆ ಸರಿದಿರುತ್ತದೆ. ಬಲಗಡೆ ತುಸು ಹೆಚ್ಚು ಹೋಯಿತೆಂದು ಎಡಗಡೆ ಸರಿದೂಗಿಸಿದೆ. ಎಡಗಡೆ ಹೆಚ್ಚಾಯಿತೆಂದು ಮತ್ತೆ ಬಲಗಡೆಗೆ ಬಂದೆ. ಬೆಣ್ಣೆಯನ್ನು ಹಂಚಲು ಹೊರಟ ಮಂಗನ ನ್ಯಾಯ ನನ್ನ ತಲೆಯ ಮೇಲೆಯೇ ನಡೆಯಿತು. ಹಿಂಭಾಗಕ್ಕೆ ಬಂದಾಗ ಹೆಂಡತಿಯ ನೆರವು ಬೇಡಿದೆ. ಆಕೆ ಒಂದು ಗಳಿಗೆ ನೋಡಿ, “ಇಲಿ ಕಡದ್ಹಾಂಗ ಆಗ್ಯಾವ. ಇನ್ನ ನಾ ಏನ್ ಮಾಡ್ಲಿ?” ಎಂದಳು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದಂತೆ. ನನ್ನ ಪ್ರಥಮ ಕೃತಿಯ ದೋಷಗಳೆಲ್ಲ ಮರೆಯಾಗಲು ಎರಡು ತಿಂಗಳು ಬೇಕಾದವು.

ಆದರೂ ಅಂಗಡಿಗಳು ತೆರೆದ ಮೇಲೆ ನಾನು ಅತ್ತ ಹೋಗಲಿಲ್ಲ. ಟ್ರಿಮ್ಮರ್ ಒಂದನ್ನು ತರಿಸಿಕೊಂಡೆ. ಎರಡನೆಯ ಕನ್ನಡಿಯನ್ನು ಬೆನ್ನ ಹಿಂದೆ ನಿಲ್ಲಿಸುವ ಉಪಾಯ ಕಲಿತೆ. ಸುಳಿಯ ಸುತ್ತ ಕೂದಲು ಯಾವ ದಿಕ್ಕಿಗೆ ಮಲಗಿದೆಯೋ ಅದರ ಎದುರಿಗೆ ಯಂತ್ರ ನಡೆಸಬೇಕೆಂಬ ಗುಟ್ಟೂ ತಿಳಿಯಿತು. ಭಾನುವಾರದ ಸರದಿಯಿಲ್ಲ, ಮಂಗಳವಾರದ ರಜೆಯಿಲ್ಲ, ಚಿಲ್ಲರೆಯ ಗೊಡವೆಯಿಲ್ಲ. ಬರಬರುತ್ತ ಈ ಸಣ್ಣ ಅನುಕೂಲಕ್ಕೆ ನಾನೊಂದು ದೊಡ್ಡ ಹೆಸರನ್ನು ಕೊಟ್ಟೆ: ಸ್ವಾವಲಂಬನೆ. ತರಗತಿಯಲ್ಲಿ ವಚನಕಾರರ ಕಾಯಕತತ್ತ್ವವನ್ನು ಬೋಧಿಸುವಾಗ ನನ್ನ ತಲೆಯನ್ನೇ ಉದಾಹರಣೆಯಾಗಿ ತೋರಿಸುವಷ್ಟರ ಮಟ್ಟಿಗೆ ಈ ಹೆಮ್ಮೆ ಬೆಳೆಯಿತು.

ಹಾಗೆ ತೋರಿಸಿದ ಒಂದು ದಿನವೇ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಕಣ್ಣಿಗೆ ಬಿದ್ದ. ಅವನ ಕಿವಿಯ ಮೇಲಣ ಕೂದಲು ಮೆಟ್ಟಿಲು ಮೆಟ್ಟಿಲಾಗಿತ್ತು. ಸಹಧರ್ಮಿಯೊಬ್ಬ ಸಿಕ್ಕನೆಂಬ ಉತ್ಸಾಹದಲ್ಲಿ, “ನೀನೂ ನನ್ನ ಪಂಥದವನೇನಪ್ಪಾ? ಲಾಕ್‌ಡೌನಿನಲ್ಲಿ ಕಲಿತೆಯೋ?” ಎಂದು ಕೇಳಿದೆ. ತರಗತಿ ನಕ್ಕಿತು. ಅವನು ನಗಲಿಲ್ಲ. ಪಾಠ ಮುಗಿದ ಮೇಲೆ ಜಗಲಿಯಲ್ಲಿ ಹತ್ತಿರ ಬಂದು, “ಸರ್, ನಮ್ಮ ಮನ್ಯಾಗ ಲಾಕ್‌ಡೌನಿಗಿಂತ ಮುಂಚಿಂದ ಹಿಂಗೇ ಅದರಿ. ನಮ್ಮವ್ವನೇ ಕತ್ತರಸ್ತಾಳ. ನಮ್ಮೂರ ಅಂಗಡ್ಯಾಗ ನಮ್ಮ ಓಣಿಯವ್ರಿಗೆ ಮಾಡಂಗಿಲ್ರಿ” ಎಂದ. ದೂರು ಹೇಳುವ ದನಿಯಲ್ಲ. ಬಸ್ಸಿನ ವೇಳೆಯನ್ನು ತಿಳಿಸುವವನ ದನಿ. ನಾನು ಏನೆಂದು ಉತ್ತರಿಸಲಿ? “ಹೌದೇ” ಎಂದೆನೆಂದು ನೆನಪು.

ಅಂದು ರಾತ್ರಿ ನನಗೆ ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’ ನೆನಪಾಯಿತು. ಅದರಲ್ಲಿ ಅವರು ಸಾತಾರೆಯ ತಮ್ಮ ಬಾಲ್ಯವನ್ನು ನೆನೆಯುತ್ತಾರೆ. ಆ ಊರಿನಲ್ಲಿ ಕ್ಷೌರಿಕರಿಗೆ ಕೊರತೆಯಿರಲಿಲ್ಲ. ಕ್ಷೌರಕ್ಕೆ ಕೊಡಲು ಮನೆಯಲ್ಲಿ ಹಣಕ್ಕೂ ಅಡ್ಡಿಯಿರಲಿಲ್ಲ. ಆದರೆ ಅಸ್ಪೃಶ್ಯನ ತಲೆಯನ್ನು ಮುಟ್ಟಲು ಒಪ್ಪುವ ಕ್ಷೌರಿಕನಿರಲಿಲ್ಲ. ಆದ್ದರಿಂದ ಮನೆಯ ಹುಡುಗರಿಗೆಲ್ಲ ಕ್ಷೌರ ಮಾಡುತ್ತಿದ್ದವಳು ಅವರ ಅಕ್ಕ. ಮಾಡಿ ಮಾಡಿ ಆ ವಿದ್ಯೆಯಲ್ಲಿ ಆಕೆ ನಿಪುಣೆಯೇ ಆಗಿಬಿಟ್ಟಳು. ಈ ಪುಟವನ್ನು ನಾನು ಹಿಂದೆ ಓದಿದ್ದೆ, ಪಾಠದಲ್ಲಿ ಉಲ್ಲೇಖಿಸಿಯೂ ಇದ್ದೆ. ಆದರೆ ಆ ಅಕ್ಕನ ಕತ್ತರಿಗೂ ನನ್ನ ಟ್ರಿಮ್ಮರಿಗೂ ಇರುವ ಅಂತರ ಅಂದಿನವರೆಗೆ ಹೊಳೆದಿರಲಿಲ್ಲ. ನಾನು ಕುರ್ಚಿಯನ್ನು ಬಿಟ್ಟು ಬಂದವನು. ಅವರಿಗೆ ಕುರ್ಚಿಯನ್ನೇ ಕೊಟ್ಟಿರಲಿಲ್ಲ. ಕೂದಲು ಎರಡು ಮನೆಗಳಲ್ಲಿಯೂ ನೆಲಕ್ಕೆ ಬಿದ್ದಿತೆಂಬುದೊಂದೇ ಸಾಮ್ಯ.

ಇದು ಸಾತಾರೆಯಲ್ಲಿಯೇ ಮುಗಿದುಹೋದ ಕಥೆಯಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 15ನೆಯ ವಿಧಿ ಅಂಗಡಿಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರನ್ನು ಪಡೆದು, ಸೇವೆಯನ್ನು ನಿರಾಕರಿಸುವುದನ್ನು ಶಿಕ್ಷಾರ್ಹವೆಂದು ಸಾರಿತು. ಇಷ್ಟಾದ ಮೇಲೆಯೂ 2024ರ ಆಗಸ್ಟ್ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ, ಕ್ಷೌರದ ವಿಷಯವಾಗಿ ಎದ್ದ ಮಾತು ಬೆಳೆದು, ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಬಲಿಯಾದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಸಂಗನಾಳವೂ ನಮ್ಮ ಕಲ್ಯಾಣ ಕರ್ನಾಟಕದ ಊರೇ.

ಹಾಗಾದರೆ ತಪ್ಪೆಲ್ಲ ಕತ್ತರಿ ಹಿಡಿದವನದೇ? ಹಾಗೆಂದುಬಿಟ್ಟರೆ ನಮ್ಮಂಥವರಿಗೆ ನೆಮ್ಮದಿ. ಆದರೆ ಸತ್ಯ ಅಷ್ಟು ಸರಳವಾಗಿಲ್ಲ. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯ ಕ್ಷೌರಿಕನೊಬ್ಬ ಅಧಿಕಾರಿಗಳ ಮುಂದೆ ದೂರಿಟ್ಟ. ಪರಿಶಿಷ್ಟರಿಗೆ ಕ್ಷೌರ ಮಾಡಿದನೆಂಬ ಕಾರಣಕ್ಕೆ ಊರಿನ ಬಲಿಷ್ಠರು ತನಗೆ 50,000 ರೂಪಾಯಿ ದಂಡ ಹಾಕಿ ಬಹಿಷ್ಕರಿಸಿದ್ದಾರೆಂಬುದು ಅವನ ಅಳಲು. ಕತ್ತರಿ ಅವನ ಕೈಯಲ್ಲಿದ್ದರೂ ಅದು ಯಾರ ತಲೆಯ ಮೇಲೆ ಆಡಬೇಕೆಂಬ ಆಜ್ಞೆ ಬೇರೆಯವರದು. ಕೊಡೇಕಲ್ಲಿನವನಾದ ನನಗೆ ಆ ಸುದ್ದಿ ಇನ್ನೊಂದು ಕಾರಣಕ್ಕೂ ನಾಟಿತು. ಹಿಂದೂ ಮುಸಲ್ಮಾನರೆಂಬ ಅಂತರವನ್ನು ಮೀರಿದ ಪರಂಪರೆಯೊಂದನ್ನು ಕಟ್ಟಿದ ಕಾಲಜ್ಞಾನಿ ಬಸವಣ್ಣ ನಮ್ಮೂರಿನವನು. ಮೈಸೂರು ಸೀಮೆಯ ಮಂಟೇಸ್ವಾಮಿ ಪರಂಪರೆಯ ಬೇರುಗಳನ್ನು ವಿದ್ವಾಂಸರು ಈ ಕೊಡೇಕಲ್ಲಿನವರೆಗೂ ಅರಸಿ ಬಂದಿದ್ದಾರೆ. ಭೇದವಳಿಯಬೇಕೆಂಬ ಮಾತು ನಾಡಿನ ಈ ತುದಿಯಿಂದ ಆ ತುದಿಗೆ ನಡೆದುಹೋಗಿದೆ. ಭೇದ ಮಾತ್ರ ಎರಡು ತುದಿಗಳಲ್ಲಿಯೂ ಕುಳಿತೇ ಇದೆ.

ಕ್ಷೌರಿಕನನ್ನಾದರೂ ನಾವು ಹೇಗೆ ನಡೆಸಿಕೊಂಡೆವು? ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಅಂಗಳಕ್ಕೆ ಬರುತ್ತಿದ್ದ ಮುದುಕ ಬಗಲಿನ ಹಡಪವನ್ನು ಬಿಚ್ಚಿ ಕತ್ತಿ, ಕತ್ತರಿ, ಹಣಿಗೆ, ಕೈಮಿಷನ್ನು, ಸಾಣೆಗಲ್ಲುಗಳನ್ನು ಒಂದೊಂದಾಗಿ ಹರವುತ್ತಿದ್ದ. ಅವನಿಗೆ ದಿನದ ಕೂಲಿಯಿರಲಿಲ್ಲ. ರಾಶಿಯ ಕಾಲಕ್ಕೆ ಕಣದಲ್ಲಿ ಆಯವೆಂದು ಜೋಳ ಅಳೆದು ಕೊಡುತ್ತಿದ್ದರು. ತಾತನ ಗಂಟಲ ಮೇಲೆ ಕತ್ತಿಯಿಡುವಷ್ಟು ನಂಬಿಕೆ ಅವನಿಗೆ ಸಲ್ಲುತ್ತಿತ್ತು, ಹೊಸ್ತಿಲು ದಾಟುವಷ್ಟು ಸಲ್ಲುತ್ತಿರಲಿಲ್ಲ. ಅವನು ಮುಟ್ಟಿದ ಮೇಲೆ ನಾವು ಮಿಂದೇ ಒಳಗೆ ಹೋಗಬೇಕು. ಅವನ ಕಸುಬಿನ ಹೆಸರು ಊರವರ ಬಾಯಲ್ಲಿ ಬೈಗುಳವಾಗಿತ್ತು. ಅದೇ ನಾಲಿಗೆಯಿಂದ ನಾವು ಹಡಪದ ಅಪ್ಪಣ್ಣನ ಹೆಸರನ್ನು ಭಕ್ತಿಯಿಂದ ನುಡಿಯುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತನಾಗಿದ್ದ ಆ ಶರಣನೂ ಅವನ ಪತ್ನಿ ಲಿಂಗಮ್ಮನೂ ವಚನಗಳನ್ನು ರಚಿಸಿದವರು. ಅಪ್ಪಣ್ಣನ ಪೀಠವಿರುವ ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ನಮ್ಮದೇ ಕೃಷ್ಣೆಯ ದಡದ ಮೇಲಿದೆ. ನಮಗೆ ವಚನ ಬೇಕಾಯಿತು. ಹಡಪ ಹೊತ್ತವನು ಜಗಲಿಯ ಕೆಳಗೇ ಉಳಿದ. ಹೀಗೆ ಕೆಳಗೆ ಉಳಿಸಲ್ಪಟ್ಟವನ ಕೈಯಿಂದಲೇ ಇನ್ನೂ ಕೆಳಗಿನವರೆನಿಸಿದವರನ್ನು ದೂರವಿರಿಸಿದ್ದು ನಮ್ಮ ಸಮಾಜದ ಜಾಣತನ.

ನನ್ನ ಸ್ವಾವಲಂಬನೆಗೆ ತೆತ್ತ ಬೆಲೆಯಲ್ಲಿ ಅವನ ಪಾಲೂ ಇತ್ತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರವನ್ನು ಘೋಷಿಸಿದಾಗ, ಮುಚ್ಚಿದ ಬಾಗಿಲುಗಳ ಲೆಕ್ಕವೆಷ್ಟೆಂಬುದು ಹೊರಬಿತ್ತು. ಅಂಗಡಿಗಳು ತೆರೆದ ಮೇಲೆ ನನ್ನಂತೆ ಹಿಂದಿರುಗದವರು ಎಷ್ಟು ಮಂದಿಯೋ! ಮನೆಯಲ್ಲಿ ಉಳಿಸಿದ ಪ್ರತಿಯೊಂದು ನೋಟೂ ಒಬ್ಬನ ಗಲ್ಲೆಗೆ ಬೀಳದೆ ಹೋದ ನೋಟು.

ಹೀಗೆಲ್ಲ ಯೋಚಿಸಿ, ಒಂದು ಭಾನುವಾರ, ಹಳೆಯ ಗಿರಾಕಿಯ ಸಂಕೋಚದಿಂದ ಅಂಗಡಿಯ ಮೆಟ್ಟಿಲು ಹತ್ತಿದೆ. “ಬರ್ರಿ ಸರ, ಭಾಳ ದಿನಕ್ಕ” ಎಂದನೇ ಹೊರತು ಅವನು ಬೇರೇನೂ ಕೇಳಲಿಲ್ಲ. ಬಿಳಿಯ ಬಟ್ಟೆ ಹೊದಿಸಿ, ನನ್ನ ಹಿಂದಲೆಯನ್ನು ನೋಡಿ, ಮೆಲ್ಲಗೆ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಧೈರ್ಯ ತಂದುಕೊಂಡು ಕೇಳಿದೆ: “ಇಲ್ಲಿ ಎಲ್ಲಾರಿಗೂ ಮಾಡ್ತಿಯೇನಪ್ಪಾ? ಎಲ್ಲಾ ಓಣಿಯವರಿಗೂ?” ಕತ್ತರಿ ಒಂದು ಕ್ಷಣ ನಿಂತಿತು. “ಇಲ್ಲಿ ಯಾರು ಬಂದ್ರೂ ಮಾಡ್ತೀನ್ರಿ. ನಮ್ಮಪ್ಪನ ಕಾಲಕ್ಕ ಇದ್ದಿದ್ದಿಲ್ಲ. ಆದ್ರ ಸರ, ಇಷ್ಟು ವರ್ಷದಾಗ ಇದನ್ನ ಕೇಳಿದವ್ರು ನೀವೇ ಮೊದಲನೇದವ್ರು” ಎಂದ. ಅದನ್ನು ಅವನು ಮೆಚ್ಚುಗೆಯಿಂದಲೇ ಹೇಳಿದನೆಂದು ತೋರುತ್ತದೆ. ನನಗೆ ಅದು ಮೆಚ್ಚುಗೆಯಾಗಿ ಕೇಳಿಸಲಿಲ್ಲ. ಅವನ ತಂದೆಯ ಕಾಲದಲ್ಲಿಯೂ ನಾನು ಅದೇ ಅಂಗಡಿಯಲ್ಲಿ ಪತ್ರಿಕೆ ಓದುತ್ತ ಸರದಿಗೆ ಕಾದವನು. ನನ್ನ ಮುಂದೆ ಯಾರಿದ್ದಾರೆ, ನನ್ನ ಹಿಂದೆ ಯಾರಿದ್ದಾರೆ ಎಂದು ಎಣಿಸುತ್ತಿದ್ದೆ. ಸರದಿಯಲ್ಲಿ ಯಾರು ಇಲ್ಲವೆಂದು ಒಮ್ಮೆಯೂ ಎಣಿಸಲಿಲ್ಲ.

ಆ ಹುಡುಗನಿಗೆ ಈ ಮಾತನ್ನು ತಿಳಿಸಿದೆ. ಉಪದೇಶವೇನನ್ನೂ ಮಾಡಲಿಲ್ಲ, ಮಾಡುವ ಮುಖವೂ ನನಗಿರಲಿಲ್ಲ. ಪರೀಕ್ಷೆಗೆ ಮುಂಚೆ ಅವನು ಒಮ್ಮೆ ನೀಟಾದ ತಲೆಯೊಂದಿಗೆ ಬಂದ. ಮುಂದಿನ ತಿಂಗಳು ನೋಡಿದರೆ ಕಿವಿಯ ಮೇಲೆ ಮತ್ತೆ ಅದೇ ಮೆಟ್ಟಿಲು. ಯಾರಾದರೂ ಏನಾದರೂ ಅಂದರೇನೋ ಎಂದು ಗಾಬರಿಯಿಂದ ಕೇಳಿದೆ. “ಏನೂ ಇಲ್ರಿ ಸರ್. ಚೊಲೊ ಮಾಡ್ತಾನ್ರಿ. ಆದ್ರ ನಮ್ಮವ್ವ, ‘ನನ್ನ ಕೈ ಬ್ಯಾಡಾಯ್ತೇನು?’ ಅಂದ್ಳರಿ. ಅದಕ್ಕ ಈ ಸಲ ಆಕಿ ಕಡೇನೇ ಮಾಡಿಸ್ಕೊಂಡೆ” ಎಂದು ನಕ್ಕ. ಅವನ ಊರಿನ ಅಂಗಡಿಯ ಬಾಗಿಲು ಅವನಿಗೆ ಇನ್ನೂ ತೆರೆದಿಲ್ಲ. ಅದನ್ನು ನಾನು ಮರೆತಿಲ್ಲ. ಆದರೆ ತಾಯಿಯ ಕತ್ತರಿಯನ್ನು ಅವನು ತಾನಾಗಿಯೇ ಆರಿಸಿಕೊಂಡದ್ದು ಅದೇ ಮೊದಲು.