ಬಿರುಕಿನ ಜಾಡು ಹಿಡಿದು

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಎಲ್ಮರ್ ಪಾಂಡ್ ಮತ್ತು ಅವರ ಮಗ ಸೆಸಿಲ್ 1946ರಲ್ಲಿ ಪುಟ್ಟ ಟ್ರ್ಯಾಕ್ಟರುಗಳನ್ನು ಕಟ್ಟಲು ಶುರು ಮಾಡಿದರು. ‘ವೀಲ್ ಹಾರ್ಸ್’ ಎಂದು ಹೆಸರಾದ ಕಂಪನಿ ಅದು. ಮನೆಯ ಸುತ್ತ ಹುಲ್ಲು ಕತ್ತರಿಸಲು, ಕೈತೋಟ ಉಳಲು, ಚಳಿಗಾಲದಲ್ಲಿ ಅಂಗಳದ ಹಿಮ ಸರಿಸಲು ಬಳಸುವ ಇಂಥ ಗಾಡಿಗಳಿಗೆ ಅಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಎನ್ನುತ್ತಾರೆ. ಕಂಪನಿ 1974ರಲ್ಲಿ ಅಮೆರಿಕನ್ ಮೋಟಾರ್ಸ್ ಕೈಸೇರಿತು, 1986ರಲ್ಲಿ ಟೊರೊ ಪಾಲಾಯಿತು. ಅದರ ಹಳೆಯ ಗಾಡಿಗಳು ಮಾತ್ರ ಇನ್ನೂ ದುಡಿಯುತ್ತಿವೆ. ಬಿಚ್ಚಿ, ಕಾರಣ ಹುಡುಕಿ, ಮತ್ತೆ ಕೂಡಿಸಬಲ್ಲ ಕೈಗಳು ಇರುವುದರಿಂದಲೇ ಅವು ಉಳಿದಿವೆ.

ಈ ಗಾಡಿಯ ಜೀವವೆಲ್ಲ ಹಿಂಭಾಗದ ಟ್ರಾನ್ಸ್‌ಆಕ್ಸಲ್‌ನಲ್ಲಿದೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹಿಂದಿನ ಆಕ್ಸಲ್ ಮೂರೂ ಒಂದೇ ಪೆಟ್ಟಿಗೆಯೊಳಗೆ. ವೀಲ್ ಹಾರ್ಸ್ ತನ್ನದನ್ನು ‘ಯೂನಿ-ಡ್ರೈವ್’ ಎಂದು ಕರೆಯಿತು. ಬೀಡು ಕಬ್ಬಿಣದ ಎರಡು ಹೋಳು, ನಡುವೆ ಪ್ಯಾಕಿಂಗ್, ಸುತ್ತ ಬೋಲ್ಟು. ಗೇರುಗಳನ್ನು ಕಾಪಾಡುವುದರ ಜೊತೆಗೆ ಕೂತವರ ಭಾರವನ್ನೂ ನೇಗಿಲಿನ ಎಳೆತವನ್ನೂ ಈ ಪೆಟ್ಟಿಗೆಯೇ ತಡೆದುಕೊಳ್ಳಬೇಕು. ಬೀಡು ಒತ್ತಡಕ್ಕೆ ಜಗ್ಗದು. ಆದರೆ ಅದರೊಳಗೆಲ್ಲ ಗ್ರಾಫೈಟಿನ ಪದರಗಳಿರುವುದರಿಂದ ಎಳೆತಕ್ಕೆ ಸಿಕ್ಕರೆ ಬಾಗುವುದಿಲ್ಲ, ಹಪ್ಪಳದ ಹಾಗೆ ಮುರಿಯುತ್ತದೆ.

ಪೆಟ್ಟಿಗೆಯ ಕೆಳಗೆ ಎಣ್ಣೆ ಜಿನುಗಿದ ಕೂಡಲೇ ಬಿರುಕು ಎಂದುಕೊಳ್ಳುವುದು ಅವಸರ. ಆಕ್ಸಲ್‌ನ ಸೀಲ್ ಸವೆದರೂ, ಪ್ಯಾಕಿಂಗ್ ಹಳತಾದರೂ ಎಣ್ಣೆ ಇಳಿದು ಅದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಮೊದಲು ಹೊರಮೈಯ ಜಿಡ್ಡನ್ನೆಲ್ಲ ತೊಳೆದು ಒಣಗಿಸಬೇಕು. ಆಮೇಲೆ ಅನುಮಾನದ ಜಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸುಣ್ಣದ ಪುಡಿ ಉದುರಿಸುವುದು ಹಳೆಯ ಕ್ರಮ. ಬಿರುಕಿನೊಳಗೆ ಇಳಿದ ಸೀಮೆಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ರೈಲಿನ ಭಾಗಗಳನ್ನು ಒಂದು ಕಾಲದಲ್ಲಿ ಹೀಗೆಯೇ ಪರೀಕ್ಷಿಸುತ್ತಿದ್ದರು. ಇಂದು ಸಿಗುವ ಕೆಂಪು ಬಣ್ಣದ ಸ್ಪ್ರೇ ಡಬ್ಬಿಗಳ ಹಿಂದಿರುವುದೂ ಇದೇ ಉಪಾಯ.

ಗೆರೆ ಸಿಕ್ಕಿತು ಎಂದು ವೆಲ್ಡಿಂಗ್‌ಗೆ ಓಡುವವರೇ ಹೆಚ್ಚು. ನನ್ನ ಪ್ರಕಾರ ನಿಜವಾದ ಕಸುಬು ಶುರುವಾಗುವುದೇ ಅಲ್ಲಿಂದ. ಬಿರುಕು ಎಲ್ಲಿದೆ ಎಂಬುದೇ ಅದು ಯಾಕೆ ಬಂತು ಎಂದು ಹೇಳುತ್ತದೆ. ಬೋಲ್ಟಿನ ತೂತುಗಳ ಸುತ್ತ ಸೀಳಿದ್ದರೆ ಬೋಲ್ಟುಗಳು ಸಡಿಲವಾಗಿಯೇ ಬಹಳ ದಿನ ಗಾಡಿ ಓಡಿದೆ. ಬೇರಿಂಗ್ ಕೂರುವ ಜಾಗದಲ್ಲಿದ್ದರೆ ಬೇರಿಂಗ್ ಹೋಗಿರಬಹುದು. ಒಳಗಿನಿಂದ ಗುದ್ದಿದಂತೆ ಹೊರಗೆ ಉಬ್ಬಿದ್ದರೆ, ಮುರಿದ ಗೇರಿನ ಹಲ್ಲೊಂದು ಹಲ್ಲುಗಳ ನಡುವೆ ಸಿಕ್ಕಿಕೊಂಡು ಪೆಟ್ಟಿಗೆಯನ್ನು ಒಡೆದಿದೆ. ತಳದಲ್ಲಿ ಸೀಳಿದ್ದರೆ ನೀರಿನ ಮೇಲೆ ಅನುಮಾನ ಪಡಬೇಕು. ಗೇರ್ ಲಿವರಿನ ಬುಡದ ರಬ್ಬರ್ ಹರಿದು ಮಳೆನೀರು ಒಳಗಿಳಿಯುತ್ತದೆ. ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಚಳಿಗೆ ಹೆಪ್ಪುಗಟ್ಟಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಬೀಡು ತಾಳುವುದಿಲ್ಲ. ಕೆಸರುಗದ್ದೆಗೆ ಇಳಿಯುವ ನಮ್ಮ ಪವರ್ ಟಿಲ್ಲರಿನ ಸೀಲ್ ಸವೆದಾಗಲೂ ನೀರು ಸೇರಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುವುದುಂಟು. ನಮ್ಮಲ್ಲಿ ಅದು ಗೇರು, ಬೇರಿಂಗುಗಳನ್ನು ತಿನ್ನುತ್ತದೆ. ಅಲ್ಲಿಯ ಚಳಿಯಲ್ಲಿ ಪೆಟ್ಟಿಗೆಯನ್ನೇ ಸೀಳುತ್ತದೆ.

ಒಡೆದ ಅಂಚಿನ ಬಣ್ಣವನ್ನೂ ನೋಡಬೇಕು. ಎಣ್ಣೆ ಕುಡಿದು ಕಪ್ಪಾಗಿದ್ದರೆ ಹಳೆಯ ಗಾಯ, ಹೊಳೆಯುವ ಬೂದು ಬಣ್ಣವಾದರೆ ಹೊಸದು.

ಬಿಚ್ಚುವಾಗ ಕೆಲಸ ಕೆಡುವುದು ಚಕ್ರದ ಹಬ್ ತೆಗೆಯುವಲ್ಲಿ. ದಶಕಗಳ ತುಕ್ಕು ಅದನ್ನು ಆಕ್ಸಲ್‌ಗೆ ಕಚ್ಚಿಸಿರುತ್ತದೆ. ಸುತ್ತಿಗೆಯಿಂದ ಹೊಡೆದರೆ ಪೆಟ್ಟು ಒಳಗಿನ ಡಿಫರೆನ್ಷಿಯಲ್‌ಗೆ ತಗಲುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಹಬ್ ಎಳೆದು ತೆಗೆಯುವ ಪುಲ್ಲರ್ ಬಿಗಿದು, ದಿನಗಟ್ಟಲೆ ಕಾಯುವುದು ಸರಿ.

ಇನ್ನು ಬೆಸುಗೆ. ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದರೆ ಅದು ಮುಂದೆ ಹರಿಯುವುದು ನಿಲ್ಲುತ್ತದೆ. ಗೆರೆಯುದ್ದಕ್ಕೂ ತೋಡು ಮಾಡಿ, ಬೀಡಿನೊಳಗೆ ಇಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಹೊರತೆಗೆಯಬೇಕು. ನಿಕ್ಕಲ್ ರಾಡಿನಲ್ಲಿ ಒಂದು ಅಂಗುಲದಷ್ಟೇ ಬೆಸೆದು, ಬಿಸಿ ಇರುವಾಗಲೇ ಗುಂಡು ಸುತ್ತಿಗೆಯಿಂದ ಹಗುರಾಗಿ ತಟ್ಟಿ, ತಣಿಯಲು ಬಿಟ್ಟು, ಆಮೇಲೆ ಮುಂದಿನ ಅಂಗುಲ. ಆತುರಪಟ್ಟರೆ ಬೆಸುಗೆ ತಣಿದು ಕುಗ್ಗುವಾಗ ಪಕ್ಕದಲ್ಲೇ ಹೊಸ ಸೀಳು ಬೀಳುತ್ತದೆ. ಇನ್ನೊಂದು ದಾರಿ ಹಿತ್ತಾಳೆ ಬೆಸುಗೆ. ಅದರಲ್ಲಿ ಬೀಡು ಕರಗುವುದೇ ಇಲ್ಲ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಸಾಕು. ತಳದ ಬಿರುಕಿಗೆ ನಾನು ಇದನ್ನೇ ಒಪ್ಪುತ್ತೇನೆ. ಕೆಲಸ ಮುಗಿದ ಮೇಲೆ ಒಣ ಮರಳಿನಲ್ಲೋ ಬೂದಿಯಲ್ಲೋ ಹೂತು ರಾತ್ರಿಯಿಡೀ ತಣಿಸುತ್ತಾರೆ.

ಬೇರಿಂಗಿನ ಹತ್ತಿರ ಮಾತ್ರ ಬೆಂಕಿ ಅಪಾಯ. ಕೂದಲೆಳೆಯಷ್ಟು ಸೊಟ್ಟಗಾದರೂ ಶಾಫ್ಟ್ ತಿರುಗದು. ಅಲ್ಲಿ ಬಿರುಕಿನುದ್ದಕ್ಕೂ ತೂತು ಕೊರೆದು, ಒಳಗೆ ತಿರುಪಿನ ಎಳೆ ಹಾಕಿ, ಒಂದನ್ನೊಂದು ಕಚ್ಚುವಂತೆ ಲೋಹದ ಪಿನ್ನುಗಳನ್ನು ತಿರುಗಿಸಿ ಕೂರಿಸುವ ತಣ್ಣನೆಯ ಹೊಲಿಗೆ ಕ್ರಮವಿದೆ. ಶಾಖವೇ ಬೇಡ. ಇದನ್ನು ಚೆನ್ನಾಗಿ ಮಾಡಬಲ್ಲವರ ಸಹನೆಗೆ ನನ್ನ ಗೌರವ ದೊಡ್ಡದು. ಒಡೆತ ತೀರಾ ಹೆಚ್ಚಾಗಿದ್ದರೆ ಕೆಟ್ಟು ನಿಂತ ಇನ್ನೊಂದು ಗಾಡಿಯ ಪೆಟ್ಟಿಗೆ ತಂದು ಕೂರಿಸುವುದೇ ದಾರಿ.

ಕೂಡಿಸುವ ಮುನ್ನ ಎರಡು ಹೋಳುಗಳ ಅಂಚು ಸಮವಾಗಿದೆಯೇ ಎಂದು ದಪ್ಪ ಗಾಜಿನ ಮೇಲಿಟ್ಟು ನೋಡುತ್ತಾರೆ. ಬೆಸೆದ ಹೋಳಿಗೆ ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಬಿಟ್ಟು, ಹೊರಮೈ ಒಣಗಿಯೇ ಇದ್ದರೆ ಮುಂದಿನ ಕೆಲಸ. ಗೇರ್ ಲಿವರಿಗೆ ಹೊಸ ರಬ್ಬರ್, ಆಕ್ಸಲ್‌ಗೆ ಹೊಸ ಸೀಲ್, ಹೊಸ ಗೇರ್ ಎಣ್ಣೆ. ಕೆಲವು ಗಂಟೆ ಓಡಿಸಿದ ಮೇಲೆ ಆ ಎಣ್ಣೆಯನ್ನು ಇಳಿಸಿ ಲೋಹದ ಚೂರಿದೆಯೇ ನೋಡಿ, ಪೆಟ್ಟಿಗೆಯನ್ನು ಚಾಸಿಗೆ ಹಿಡಿದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯುತ್ತಾರೆ.