ಎದೆಯ ಜೇಬಿನ ಮೊಬೈಲು: ಎರಡರಲ್ಲಿ ಹಿರಿಯರಿಗೆ ಯಾವುದು ಹಿತ?

ಖಡಕಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅನೇಕವು ಉದ್ಯೋಗವನ್ನು ಅರಸಿ ವಿಜಯಪುರ, ಕಲಬುರಗಿ, ಬೆಳಗಾವಿಯ ಕಡೆಯಿಂದ ಬಂದವು. ಇಲ್ಲಿಯ ಮದ್ದುಗುಂಡಿನ ಕಾರ್ಖಾನೆ 1869ರಷ್ಟು ಹಳೆಯದು. ರಕ್ಷಣಾ ಇಲಾಖೆಗೆ ಸೇರಿದ ಇಂಥ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನ್ನ ನೆರೆಮನೆಯವರು. ನಾನು ಅವರನ್ನು ಅಣ್ಣಾ ಎಂದೇ ಕರೆಯುತ್ತ ಬಂದವನು. ಹೃದಯದ ಬಡಿತ ತೀರ ನಿಧಾನವಾಗಿ, ಎರಡು ಬಾರಿ ತಲೆ ಸುತ್ತಿ ಬಿದ್ದ ಬಳಿಕ, ವೈದ್ಯರು ಅವರ ಎಡ ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಅಳವಡಿಸಿದ್ದಾರೆ.

2025ರ ಜುಲೈ ತಿಂಗಳಿನ ಒಂದು ಭಾನುವಾರ ಅವರ ಮಗ ನಮ್ಮ ಮನೆಗೆ ಬಂದನು. ಹಿಂಜವಡಿಯ ಗಣಕಯಂತ್ರ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. ತಂದೆಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಒಳ್ಳೆಯದೊಂದು ಮೊಬೈಲು ಕೊಡಿಸಬೇಕೆಂದು ಅವನ ಆಸೆ.

“ಕಾಕಾ, ಅಪ್ಪಗ ಇವೆರಡರಾಗ ಯಾವುದು ತಗೋಳೂಣು? ನೀವ ಹೇಳ್ರಿ,” ಎಂದು ಎರಡು ಜಾಹೀರಾತುಗಳನ್ನು ನನ್ನ ಮುಂದಿಟ್ಟನು.

ಒಂದು ಆಪಲ್ ಸಂಸ್ಥೆಯು 2024ರ ಸೆಪ್ಟೆಂಬರಿನಲ್ಲಿ ಹೊರತಂದ ಐಫೋನ್ 16 ಪ್ರೊ ಮ್ಯಾಕ್ಸ್. ಇನ್ನೊಂದು ಸ್ಯಾಮ್‌ಸಂಗ್ ಸಂಸ್ಥೆಯು 2025ರ ಜನವರಿಯಲ್ಲಿ ಹೊರತಂದ ಗ್ಯಾಲಕ್ಸಿ ಎಸ್25 ಅಲ್ಟ್ರಾ. ಆ ಹೊತ್ತಿಗೆ ಎರಡೂ ತಂತಮ್ಮ ಸಂಸ್ಥೆಗಳ ಅತ್ಯುಚ್ಚ ಮಾದರಿಗಳು. ಬಿಡುಗಡೆಯಾದಾಗ ಮೊದಲನೆಯದರ ಆರಂಭದ ಬೆಲೆ 1,44,900 ರೂಪಾಯಿ. ಎರಡನೆಯದರದು 1,29,999 ರೂಪಾಯಿ. ಈ ಪ್ರಶ್ನೆ ನಮ್ಮಲ್ಲಿ ಇನ್ನೂ ಅನೇಕರ ಮನೆಗಳಲ್ಲಿ ಎದ್ದಿರಬಹುದು. ಆದುದರಿಂದ ಅಂದು ನಾವು ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಸಂಘದ ಸದಸ್ಯರ ಮುಂದಿಡುತ್ತಿದ್ದೇನೆ.

ಎರಡೂ ಸಮನಾಗಿರುವ ವಿಷಯಗಳು

ಜಾಹೀರಾತುಗಳು ಯಾವುದನ್ನು ಹೆಚ್ಚು ಹೊಗಳುತ್ತವೆಯೋ ಅದರಲ್ಲಿಯೇ ಈ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ಎರಡರ ಪರದೆಯೂ 6.9 ಅಂಗುಲ. ಎರಡೂ ದಿನದ ಸಾಧಾರಣ ಬಳಕೆಗೆ ಸಾಕಾಗುವಷ್ಟು ಬ್ಯಾಟರಿಯುಳ್ಳವು. ಸ್ಯಾಮ್‌ಸಂಗಿನ ಮುಖ್ಯ ಕ್ಯಾಮೆರಾ 200 ಮೆಗಾಪಿಕ್ಸೆಲ್, ಆಪಲ್‌ನದು 48 ಮೆಗಾಪಿಕ್ಸೆಲ್ ಎಂಬ ಅಂಕಿಗಳು ದೊಡ್ಡದಾಗಿ ಕಂಡರೂ ಮೊಮ್ಮಗಳ ನಗುಮುಖ ಎರಡರಲ್ಲಿಯೂ ಸ್ಪಷ್ಟವಾಗಿಯೇ ಮೂಡುತ್ತದೆ. ಎರಡೂ ನೀರನ್ನು ತಡೆಯಬಲ್ಲವು. ಪುಣೆಯ ಮಳೆಗಾಲಕ್ಕೆ ಯಾವುದಾದರೂ ಸಾಕು.

ಬಾಳಿಕೆಯ ವಿಷಯವೂ ಹಾಗೆಯೇ. ಎಸ್25 ಶ್ರೇಣಿಯ ಫೋನುಗಳಿಗೆ ಏಳು ವರ್ಷಗಳ ಕಾಲ ಹೊಸ ತಂತ್ರಾಂಶವನ್ನು ಒದಗಿಸುವುದಾಗಿ ಸ್ಯಾಮ್‌ಸಂಗ್ ಮಾತು ಕೊಟ್ಟಿದೆ. ಆಪಲ್ ಸಂಸ್ಥೆಯು 2018ರಲ್ಲಿ ಮಾರಿದ ಐಫೋನ್ ಎಕ್ಸ್‌ಆರ್‌ಗೆ 2024ರಲ್ಲಿಯೂ ಹೊಸ ತಂತ್ರಾಂಶ ದೊರೆಯಿತು. “ನಮ್ಮ ನಾಡಿನಲ್ಲಿ ತಯಾರಾದುದನ್ನೇ ಕೊಳ್ಳೋಣ” ಎಂಬ ಅಭಿಮಾನದಿಂದಲೂ ಈ ಪ್ರಶ್ನೆ ಬಗೆಹರಿಯದು. ಟಾಟಾ ಸಂಸ್ಥೆ 2023ರಲ್ಲಿ ವಹಿಸಿಕೊಂಡ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಐಫೋನುಗಳು ಜೋಡಣೆಯಾಗುತ್ತವೆ. ಸ್ಯಾಮ್‌ಸಂಗ್ ಫೋನುಗಳು ದೆಹಲಿಯ ಬಳಿಯ ನೋಯ್ಡಾದಲ್ಲಿ ತಯಾರಾಗುತ್ತವೆ.

ಹೀಗಿರುವಾಗ ಫೋನಿನ ಗುಣಗಳ ಪಟ್ಟಿಯನ್ನು ಬದಿಗಿಟ್ಟು, ಅದನ್ನು ಬಳಸುವವರ ದೇಹವನ್ನು ನೋಡಬೇಕಾಗುತ್ತದೆ. ಅವರ ಎದೆ, ಕಣ್ಣು, ಕೈ, ಭಾಷೆ ಇವೇ ನಮ್ಮ ಅಳತೆಗೋಲುಗಳಾಗಬೇಕು.

ಆಯಸ್ಕಾಂತದ ವಿಚಾರ

ಮೊದಲನೆಯದಾಗಿ ಎದೆಯ ಮಾತು. ಪೇಸ್‌ಮೇಕರ್ ಎಂಬುದು ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರ. ಹೃದಯವು ತಾನಾಗಿ ಬಡಿಯುತ್ತಿದೆಯೇ ಎಂಬುದನ್ನು ಅದು ಸದಾ ಗಮನಿಸುತ್ತಿದ್ದು, ಬಡಿತ ತಪ್ಪಿದಾಗ ಮಾತ್ರ ಸಣ್ಣ ವಿದ್ಯುತ್ ಸ್ಪಂದನವನ್ನು ಕಳುಹಿಸುತ್ತದೆ. ತಪಾಸಣೆಯ ಅನುಕೂಲಕ್ಕಾಗಿ ಅದರೊಳಗೆ ಆಯಸ್ಕಾಂತವನ್ನು ಗುರುತಿಸುವ ಒಂದು ಕೀಲಿಯನ್ನು ಇಟ್ಟಿರುತ್ತಾರೆ. ವೈದ್ಯರು ಎದೆಯ ಮೇಲೆ ಆಯಸ್ಕಾಂತವನ್ನಿಟ್ಟಾಗ ಯಂತ್ರವು ಹೃದಯದ ಸ್ವಂತ ಬಡಿತವನ್ನು ಗಮನಿಸುವುದನ್ನು ಬಿಟ್ಟು, ನಿಗದಿಯಾದ ವೇಗದಲ್ಲಿ ಸ್ಪಂದನ ಕೊಡತೊಡಗುತ್ತದೆ. ಆಯಸ್ಕಾಂತವನ್ನು ತೆಗೆದೊಡನೆ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಕೀಲಿಗೆ ಸುಮಾರು 10 ಗಾಸ್‌ನಷ್ಟು ಅಲ್ಪ ಕಾಂತಶಕ್ತಿಯೂ ಸಾಕು.

ಐ.ಸಿ.ಡಿ. ಎಂಬ ಇನ್ನೊಂದು ಸಾಧನದಲ್ಲಿ ಅಪಾಯ ಇನ್ನೂ ಹೆಚ್ಚು. ಹೃದಯದ ಲಯ ಪ್ರಾಣಾಂತಿಕವಾಗಿ ಕೆಟ್ಟಾಗ ಒಳಗಿನಿಂದಲೇ ವಿದ್ಯುದಾಘಾತ ಕೊಟ್ಟು ಅದನ್ನು ಸರಿದಾರಿಗೆ ತರುವುದು ಅದರ ಕೆಲಸ. ಆಯಸ್ಕಾಂತ ಹತ್ತಿರವಿದ್ದರೆ ಅದು ಆಘಾತ ಕೊಡುವುದನ್ನೇ ತಡೆಹಿಡಿಯುತ್ತದೆ.

2020ರಲ್ಲಿ ಬಂದ ಐಫೋನ್ 12ರ ಬೆನ್ನಿನಲ್ಲಿ ಆಪಲ್ ಸಂಸ್ಥೆಯು ಆಯಸ್ಕಾಂತಗಳನ್ನು ಬಳೆಯಾಕಾರದಲ್ಲಿ ಜೋಡಿಸಿತು. ತಂತಿಯಿಲ್ಲದೆ ಚಾರ್ಜು ಮಾಡುವಾಗ ಫೋನು ಸರಿಯಾದ ಜಾಗದಲ್ಲಿ ಅಂಟಿಕೊಳ್ಳಲೆಂದು ಈ ಏರ್ಪಾಟು. ಇದಕ್ಕೆ ಮ್ಯಾಗ್‌ಸೇಫ್ ಎಂದು ಹೆಸರು. 2021ರ ಜನವರಿಯಲ್ಲಿ ‘ಹಾರ್ಟ್ ರಿದಮ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಪ್ರಕಟಿಸಿದರು. ಐ.ಸಿ.ಡಿ. ಇದ್ದ ರೋಗಿಯ ಎದೆಯ ಬಳಿಗೆ ಐಫೋನ್ 12 ಅನ್ನು ತಂದಾಗ ಸಾಧನದ ಚಿಕಿತ್ಸೆ ತಡೆಹಿಡಿಯಲ್ಪಟ್ಟಿತು ಎಂಬುದೇ ಅದರ ಸಾರ. ಅದೇ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂಥ ಫೋನುಗಳನ್ನು ಶರೀರದೊಳಗಿನ ಸಾಧನದಿಂದ ಆರು ಅಂಗುಲ ದೂರವಿಡುವಂತೆ ಸಲಹೆ ಮಾಡಿತು. 15 ಸೆಂಟಿಮೀಟರಿಗಿಂತ ಹೆಚ್ಚು ದೂರವಿರಲಿ, ತಂತಿಯಿಲ್ಲದೆ ಚಾರ್ಜು ಆಗುತ್ತಿರುವಾಗ 30 ಸೆಂಟಿಮೀಟರಿಗಿಂತ ಹೆಚ್ಚು ದೂರವಿರಲಿ ಎಂಬುದು ಆಪಲ್ ಸಂಸ್ಥೆಯದೇ ಸೂಚನೆ.

ಐಫೋನ್ 16 ಪ್ರೊ ಮ್ಯಾಕ್ಸ್‌ನಲ್ಲಿಯೂ ಈ ಬಳೆ ಇದೆ. ಎಸ್25 ಅಲ್ಟ್ರಾದ ಬೆನ್ನಿನಲ್ಲಿ ಇಂಥ ಬಳೆ ಇಲ್ಲ. ಆದರೆ ಇಷ್ಟರಿಂದಲೇ ಅದು ಸಂಪೂರ್ಣ ನಿರಪಾಯವೆಂದು ಭಾವಿಸಬಾರದು. ಧ್ವನಿವರ್ಧಕ ಮೊದಲಾದ ಭಾಗಗಳಲ್ಲಿ ಸಣ್ಣ ಆಯಸ್ಕಾಂತಗಳು ಎಲ್ಲ ಫೋನುಗಳಲ್ಲಿಯೂ ಇರುತ್ತವೆ. ಮೇಲಾಗಿ ಆಯಸ್ಕಾಂತವುಳ್ಳ ಕವಚಗಳು ಸ್ಯಾಮ್‌ಸಂಗ್ ಫೋನುಗಳಿಗೂ ಪ್ರತ್ಯೇಕವಾಗಿ ಮಾರಾಟಕ್ಕಿವೆ. ಅದನ್ನು ತೊಡಿಸಿದರೆ ಎರಡಕ್ಕೂ ಇದ್ದ ವ್ಯತ್ಯಾಸ ಅಳಿದುಹೋಗುತ್ತದೆ.

ಇಷ್ಟು ಓದಿದ ಬಳಿಕ ನಾನು ಅಣ್ಣಾ ಅವರ ಕಡೆ ನೋಡಿದೆ. ಅವರ ಹಳೆಯ ಫೋನು ಅಂಗಿಯ ಎಡ ಜೇಬಿನಲ್ಲಿತ್ತು. ಪೇಸ್‌ಮೇಕರಿಗೆ ನಾಲ್ಕು ಬೆರಳಿನಷ್ಟೂ ದೂರವಿರಲಿಲ್ಲ. ಮೂವತ್ತನಾಲ್ಕು ವರ್ಷ ಕಾರ್ಖಾನೆಯ ಗುರುತುಚೀಟಿ ಇಟ್ಟುಕೊಂಡ ಜೇಬು ಅದು. ನಿವೃತ್ತಿಯ ನಂತರ ಗುರುತುಚೀಟಿ ಹೋಗಿ ಆ ಜಾಗಕ್ಕೆ ಫೋನು ಬಂದಿತ್ತು. ಯಾವ ಫೋನು ಎಂಬುದಕ್ಕಿಂತ ಯಾವ ಜೇಬು ಎಂಬುದೇ ದೊಡ್ಡ ಪ್ರಶ್ನೆಯೆಂಬುದು ಆಗ ನಮಗೆ ಹೊಳೆಯಿತು.

ಪೇಸ್‌ಮೇಕರ್ ಉಳ್ಳವರು ಮೊಬೈಲನ್ನು ಅಂಗಿಯ ಜೇಬಿನಲ್ಲಿ ಇಡಲೇಬಾರದು. ಷರಾಯಿಯ ಜೇಬಿನಲ್ಲಿಯೋ ಕೈಚೀಲದಲ್ಲಿಯೋ ಇಡಬೇಕು. ಮಾತನಾಡುವಾಗ ಸಾಧನವಿರುವ ಬದಿಯ ಕಿವಿಯನ್ನು ಬಿಟ್ಟು ಇನ್ನೊಂದು ಕಿವಿಗೆ ಹಿಡಿಯಬೇಕು. ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗುವ ರೂಢಿಯನ್ನು ಬಿಡಬೇಕು. ತಮ್ಮ ಸಾಧನದ ಬಗ್ಗೆ ಸಂದೇಹವಿದ್ದವರು ಮುಂದಿನ ತಪಾಸಣೆಗೆ ಹೋಗುವಾಗ ಫೋನನ್ನೂ ಕವಚವನ್ನೂ ಒಯ್ದು ವೈದ್ಯರಿಗೆ ತೋರಿಸುವುದು ಉತ್ತಮ.

ವಿಕಿರಣದ ಭಯ

ಮೊಬೈಲಿನ ಅಲೆಗಳಿಂದ ಮೆದುಳಿನ ಕ್ಯಾನ್ಸರ್ ಬರುವುದೆಂಬ ಭಯ ಅನೇಕರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಈ ಅಲೆಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಅದೇ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2024ರಲ್ಲಿ ಪ್ರಕಟವಾದ ವಿಸ್ತೃತ ಪರಿಶೀಲನೆಯಲ್ಲಿ ಮೊಬೈಲು ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ.

ದೇಹವು ಹೀರಿಕೊಳ್ಳುವ ಈ ಶಕ್ತಿಯ ಮಿತಿಯನ್ನು ನಮ್ಮ ದೇಶದಲ್ಲಿ ಕಿಲೋಗ್ರಾಮಿಗೆ 1.6 ವ್ಯಾಟ್ ಎಂದು ಗೊತ್ತುಪಡಿಸಲಾಗಿದೆ. ಕರೆ ಮಾಡುವ ಅಂಕಿಗಳ ಪಟ್ಟಿಯಲ್ಲಿ ನಕ್ಷತ್ರ, ಹ್ಯಾಷ್, 0, 7, ಹ್ಯಾಷ್ ಇವನ್ನು ಕ್ರಮವಾಗಿ ಒತ್ತಿದರೆ ಫೋನು ಈ ಕುರಿತ ತನ್ನ ಮಾಹಿತಿಯನ್ನು ತೋರಿಸುತ್ತದೆ. ಎರಡೂ ಫೋನುಗಳು ಈ ಮಿತಿಗೆ ಒಳಪಟ್ಟೇ ಮಾರಾಟಕ್ಕೆ ಬಂದವು. ಆದುದರಿಂದ ಈ ಭಯವನ್ನು ಮುಂದಿಟ್ಟುಕೊಂಡು ಒಂದನ್ನು ಮೆಚ್ಚಿ ಇನ್ನೊಂದನ್ನು ಹಳಿಯಲು ಕಾರಣವಿಲ್ಲ.

ಕಣ್ಣು ಮತ್ತು ಕೈ

ನಲವತ್ತು ದಾಟಿದವರ ಕಣ್ಣಿನ ಮಸೂರ ಬಿಗಿಯಾಗುತ್ತ ಹೋಗಿ ಹತ್ತಿರದ ಅಕ್ಷರಗಳು ಮಸುಕಾಗುತ್ತವೆ. ದೊಡ್ಡ ಪರದೆ ಇವರಿಗೆ ಉಪಕಾರಿ. ಎರಡು ಫೋನುಗಳಲ್ಲಿಯೂ ಅಕ್ಷರಗಳನ್ನು ಸಾಕಷ್ಟು ಹಿರಿದು ಮಾಡಬಹುದು. ಎಸ್25 ಅಲ್ಟ್ರಾದ ಗಾಜು ಬೆಳಕನ್ನು ಕಡಿಮೆ ಪ್ರತಿಫಲಿಸುವಂಥದು. ಬಿಸಿಲಿನಲ್ಲಿ ನಿಂತು ಓದುವವರಿಗೆ ಇದೊಂದು ನಿಜವಾದ ಅನುಕೂಲ. ಆದರೆ ಪರದೆಯನ್ನು ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇದಕ್ಕೆ ಯಾವ ಸಂಸ್ಥೆಯ ಗಾಜೂ ಮದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸವೇ ಮದ್ದು.

ಕೈಯ ಮಾತು ಬೇರೆ. ಐಫೋನಿನ ತೂಕ 227 ಗ್ರಾಂ, ಅಲ್ಟ್ರಾದ ತೂಕ 218 ಗ್ರಾಂ. ಕವಚ ತೊಡಿಸಿದರೆ ಎರಡೂ ಕಾಲು ಕಿಲೋ ಸಮೀಪಿಸುತ್ತವೆ. ಅಂಗಡಿಯಲ್ಲಿ ಎರಡನ್ನೂ ಒಂದೊಂದಾಗಿ ಹಿಡಿದು ನೋಡಿದ ಅಣ್ಣಾ, “ಇದೇನೋ, ಇಟ್ಟಂಗಿ ಹಿಡಿದಂಗ ಆಗ್ತದ!” ಎಂದರು. ಬೆರಳುಗಳ ಹಿಡಿತ ಸಡಿಲವಾದ ವಯಸ್ಸಿನಲ್ಲಿ ಇದು ನಗುವ ಮಾತಲ್ಲ. ಮಲಗಿ ಓದುವಾಗ ಮುಖದ ಮೇಲೆ ಬೀಳುವುದೂ, ಮೆಟ್ಟಿಲಿಳಿಯುವಾಗ ಕೈತಪ್ಪಿದ ಫೋನನ್ನು ಹಿಡಿಯಹೋಗಿ ತಾವೇ ಬೀಳುವುದೂ ಉಂಟು.

ಕನ್ನಡದ ಅನುಕೂಲ

ಪರಸ್ಥಳದಲ್ಲಿರುವ ನಮಗೆ ಇದು ಸಣ್ಣ ವಿಷಯವಲ್ಲ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇಡೀ ಫೋನಿನ ಸೂಚನೆಗಳನ್ನು ಕನ್ನಡದಲ್ಲಿ ಪಡೆಯುವ ಸೌಕರ್ಯ ಬಹಳ ವರ್ಷಗಳಿಂದ ಇದೆ. ಐಫೋನಿನಲ್ಲಿ ಕನ್ನಡ ಟೈಪು ಮಾಡುವ ಅನುಕೂಲ ಮೊದಲೇ ಇದ್ದರೂ, ಫೋನಿನ ಎಲ್ಲ ಸೂಚನೆಗಳೂ ಕನ್ನಡದಲ್ಲಿ ಬಂದುದು 2025ರ ಮಾರ್ಚ್ ಕೊನೆಯಲ್ಲಿ, ಐಓಎಸ್ 18.4 ತಂತ್ರಾಂಶದೊಡನೆ. ಅಂದಿನಿಂದ ಈ ವಿಷಯದಲ್ಲಿಯೂ ಎರಡೂ ಸಮೀಪಕ್ಕೆ ಬಂದಿವೆ. ಹೀಗಾಗಿ ಮನೆಯಲ್ಲಿ ಉಳಿದವರು ಯಾವ ಫೋನು ಬಳಸುತ್ತಾರೆ ಎಂಬುದನ್ನು ನೋಡುವುದೇ ಜಾಣತನ. ಹಿರಿಯರು ನಾಲ್ಕು ಬಾರಿ ಕೇಳಿದರೂ ಬೇಸರಿಸದೆ ಕಲಿಸುವವರು ಪಕ್ಕದಲ್ಲಿರಬೇಕು. ಅಣ್ಣಾ ಅವರ ಮನೆಯಲ್ಲಿ ಸೊಸೆ ಬಳಸುವುದು ಸ್ಯಾಮ್‌ಸಂಗ್. ಕಲಿಸುವ ಸಹನೆ ಇರುವುದೂ ಆಕೆಗೇ.

ಆದರೆ ಒಂದು ಟಿಪ್ಪಣಿಯನ್ನು ಮಾತ್ರ ಕನ್ನಡದಲ್ಲಿ ಬರೆಯಬಾರದು. ಎರಡೂ ಫೋನುಗಳಲ್ಲಿ ಬೀಗ ತೆರೆಯದೆಯೇ ಅನ್ಯರು ಓದಬಹುದಾದ ವೈದ್ಯಕೀಯ ಮಾಹಿತಿಯ ಪುಟವಿದೆ. ಪೇಸ್‌ಮೇಕರ್ ಇದೆಯೆಂಬುದು, ತೆಗೆದುಕೊಳ್ಳುವ ಔಷಧಿಗಳು, ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ ಇವನ್ನು ಅಲ್ಲಿ ಬರೆದಿಡಬೇಕು. ಬೋಪೋಡಿಯ ರಸ್ತೆಯಲ್ಲಿ ನಾವು ಕುಸಿದು ಬಿದ್ದರೆ ಎತ್ತಲು ಬರುವವನಿಗೆ ಕನ್ನಡ ಬರುವುದೆಂಬ ಭರವಸೆಯಿಲ್ಲ. ಆದುದರಿಂದ ಆ ಪುಟ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಇರಲಿ. 112 ಮತ್ತು ಆಂಬುಲೆನ್ಸಿನ 108, ಈ ಎರಡು ಸಂಖ್ಯೆಗಳು ಬಾಯಿಪಾಠವಾಗಿರಲಿ.

ಇನ್ನೊಂದು ಎಚ್ಚರಿಕೆ. ಈ ಎರಡು ಫೋನುಗಳಲ್ಲಿ ಯಾವುದೂ ತಾನಾಗಿ ರಕ್ತದೊತ್ತಡವನ್ನಾಗಲಿ ಸಕ್ಕರೆಯ ಪ್ರಮಾಣವನ್ನಾಗಲಿ ಅಳೆಯಲಾರದು. ಹಾಗೆಂದು ಹೇಳಿಕೊಳ್ಳುವ ಆ್ಯಪುಗಳನ್ನು ನಂಬಿ ಮಾತ್ರೆಯ ಪ್ರಮಾಣವನ್ನು ಬದಲಿಸುವುದು ಅಪಾಯಕರ.

ಹಣ ಮತ್ತು ತೀರ್ಮಾನ

ಎರಡರ ಬೆಲೆಗಳಿಗೂ ಇದ್ದ ಅಂತರ 14,901 ರೂಪಾಯಿ. ಬಡ್ಡಿಯಿಲ್ಲದೆ ಇಪ್ಪತ್ತನಾಲ್ಕು ಕಂತು ಎಂದರೂ ಒಂದಕ್ಕೆ ತಿಂಗಳಿಗೆ ಸುಮಾರು 6,000, ಇನ್ನೊಂದಕ್ಕೆ ಸುಮಾರು 5,400 ರೂಪಾಯಿ. ಮನೆಯ ಸಾಲದ ಕಂತಿನ ಜೊತೆಗೆ ಇದನ್ನೂ ಹೊರಬೇಕಾದವನು ಮಗ. ಇದನ್ನು ಕೇಳಿದ ಅಣ್ಣಾ ಒಂದು ಮಾತು ಹೇಳಿದರು: “ನನ್ನ ಎದಿಯಾಗಿನ ಯಂತ್ರದ್ದೂ ಬ್ಯಾಟ್ರಿ ಒಂದಿನ ಮುಗೀತದಲ್ಲೋ ತಮ್ಮಾ. ಅದಕ್ಕ ರೊಕ್ಕ ಇಡು.” ಪೇಸ್‌ಮೇಕರಿನ ಬ್ಯಾಟರಿ ಸುಮಾರು ಹತ್ತು ವರ್ಷ ಬಾಳುತ್ತದೆ, ಬಳಿಕ ಯಂತ್ರವನ್ನೇ ಬದಲಿಸಬೇಕಾಗುತ್ತದೆ. ಆ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಎರಡೇ ಆಯ್ಕೆಗಳು ಇದ್ದಿದ್ದರೆ ಎದೆ, ಬಿಸಿಲು, ಕಲಿಸುವವರು ಎಂಬ ಮೂರು ಕಾರಣಗಳಿಂದ ನಾನು ಎಸ್25 ಅಲ್ಟ್ರಾವನ್ನೇ ಸೂಚಿಸುತ್ತಿದ್ದೆ. ಮನೆಯಲ್ಲೆಲ್ಲ ಐಫೋನೇ ಇದ್ದು, ಎದೆಯಲ್ಲಿ ಯಾವ ಸಾಧನವೂ ಇಲ್ಲದವರಿಗೆ ಐಫೋನೂ ಅಷ್ಟೇ ಯೋಗ್ಯವಾದುದು. ಆದರೆ ಅದೇ ಶ್ರೇಣಿಯಲ್ಲಿ 162 ಗ್ರಾಂ ತೂಕದ, 6.2 ಅಂಗುಲ ಪರದೆಯ ಚಿಕ್ಕ ಎಸ್25 ಇತ್ತು. ಬಿಡುಗಡೆಯಾದಾಗ ಅದರ ಬೆಲೆ 80,999 ರೂಪಾಯಿ. ಏಳು ವರ್ಷಗಳ ಭರವಸೆ ಅದಕ್ಕೂ ಉಂಟು. ಬೆಳಕನ್ನು ತಡೆಯುವ ಆ ವಿಶೇಷ ಗಾಜು ಅದರಲ್ಲಿಲ್ಲ, ಪರದೆಯೂ ಚಿಕ್ಕದು. ಆದರೆ ಅಣ್ಣಾ ಅವರ ಮುಷ್ಟಿಯಲ್ಲಿ ಅದು ನಿಂತಿತು. ಅದನ್ನೇ ಕೊಂಡರು. ಅಲ್ಟ್ರಾದ ಬೆಲೆಯಲ್ಲಿ ಉಳಿದ 49,000 ರೂಪಾಯಿಯನ್ನು ಮಗನು ಅಣ್ಣಾ ಅವರ ಚಿಕಿತ್ಸೆಗೆಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟನು.

2025ರ ಸೆಪ್ಟೆಂಬರಿನಲ್ಲಿ ಐಫೋನ್ 17 ಪ್ರೊ ಮ್ಯಾಕ್ಸ್ ಬಂದಿತು. ಪ್ರತಿ ವರ್ಷವೂ ಇಂಥ ಜೋಡಿಯೊಂದು ಅಂಗಡಿಗೆ ಬರುತ್ತಲೇ ಇರುತ್ತದೆ. ಹೆಸರುಗಳು ಬದಲಾದರೂ ಅಳತೆಗೋಲು ಬದಲಾಗುವುದಿಲ್ಲ. ಕೊಳ್ಳುವ ಮುನ್ನ ಹಿರಿಯರನ್ನು ಅಂಗಡಿಗೆ ಕರೆದೊಯ್ದು ಫೋನನ್ನು ಅವರ ಕೈಯಲ್ಲಿಡಿ. ಅವರ ದೇಹದೊಳಗೆ ಯಾವ ಸಾಧನವಿದೆಯೆಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಇಂದು ಸಂಜೆ ಮನೆಗೆ ಹೋದೊಡನೆ ನಿಮ್ಮ ತಂದೆಯವರ ಅಂಗಿಯ ಎಡ ಜೇಬನ್ನು ಒಮ್ಮೆ ನೋಡಿರಿ. ಅವರ ಎದೆಯಲ್ಲಿ ಇಂಥ ಯಂತ್ರವಿದ್ದು ಜೇಬಿನಲ್ಲಿ ಫೋನಿದ್ದರೆ, ಮಾಡಬೇಕಾದ ಮೊದಲ ಕೆಲಸಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.